ಕುರಾಂಗ್ ಕಾಡಿನ ಮೇಣ

ನನಗೊಂದು ಚಿಂತೆಯಿದೆ. ಯಾರಿಗೂ ಹೇಳುವಂಥದ್ದಲ್ಲ, ದಿನಚರಿಗೆ ಮಾತ್ರ. ಶುಕ್ರವಾರದ ಸಭೆಯಲ್ಲಿ ಎಲ್ಲರೂ ದೊಡ್ಡ ಪರದೆಯನ್ನು ನೋಡುತ್ತ ಸುಮ್ಮನಾಗುವ ಹೊತ್ತು ಬರುತ್ತದಲ್ಲ, ಸರಿಯಾಗಿ ಆಗಲೇ ನನ್ನ ಹೊಟ್ಟೆ ಗುರ್ ಎನ್ನುತ್ತದೆ. ಒಂದು ರೊಟ್ಟಿ ಹೆಚ್ಚಿಗೆ ತಿಂದು ಹೋದರೂ ಅಷ್ಟೇ. ಈ ಅರಣ್ಯ ಸಂಶೋಧನಾ ಕೇಂದ್ರ ಸೇರಿ ಒಂದು ಚಳಿಗಾಲ ಕಳೆಯಿತು. ಸಭೆಗಳಲ್ಲಿ ನನ್ನಿಂದ ಹೊರಟ ಸದ್ದೆಂದರೆ ಇದುವರೆಗೆ ಅದೊಂದೇ.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹಿಮಾಲಯದ ಈ ರೋಪ್ಲಾ ಕಣಿವೆಗೆ ನಾನು ಬಂದದ್ದೇ ಇಲ್ಲಿ ಮಾತು ಕಡಿಮೆ ಎಂದು. ಜಾಹೀರಾತಿನಲ್ಲಿ ಹಾಗೇನೂ ಬರೆದಿರಲಿಲ್ಲ. ಪೈನ್ ಮರದ ಎಲೆಯ ಮೇಣವನ್ನು ಅಳೆಯುವ ಕೆಲಸ ಎಂದಿತ್ತು. ಮೇಣ ತಿರುಗಿ ಪ್ರಶ್ನೆ ಕೇಳುವುದಿಲ್ಲ ಎಂದುಕೊಂಡು ಅರ್ಜಿ ಹಾಕಿದೆ. ಅವ್ವ ಮಾತ್ರ ಗದಗಿನ ಸ್ಟೇಷನ್ನಿನಲ್ಲಿ ರೈಲು ಹೊರಡುವವರೆಗೂ, ಅಷ್ಟು ದೂರ ಹೋಗಿ ಎಲೆ ತೊಳೆಯುತ್ತೀಯಾ ಎಂದು ಕೇಳುತ್ತಲೇ ಇದ್ದಳು.

ಎಲೆ ತೊಳೆಯುವುದು ನಿಜ. ಇಲ್ಲಿಯ ಕಾಡು ಚಿಲ್ಗೋಜಾ ಎಂಬ ಪೈನ್ ಜಾತಿಯದು. ಅದರ ಕಾಯಿಯೊಳಗಿನ ಬೀಜ ಮಾರಿಯೇ ಮೇಲಿನ ಊರುಗಳು ಬದುಕುವುದು. ಎಲೆ ಸೂಜಿಯಂತೆ, ಪ್ರತಿ ಸೂಜಿಯ ಮೈಮೇಲೂ ಬೂದುಛಾಯೆಯ ತೆಳ್ಳನೆಯ ಮೇಣ. ಒಣಗಾಳಿಗೆ ನೀರು ಹಾರಿಹೋಗದಂತೆ ಎಲೆಯನ್ನು ಕಾಯುವುದು ಆ ಮೇಣವೇ. ಅದು ಒಂದೇ ವಸ್ತುವಲ್ಲ, ಉದ್ದುದ್ದ ಸರಪಳಿಯಂಥ ಹತ್ತಾರು ಬಗೆಯ ಅಣುಗಳ ಬೆರಕೆ. ಯಾವುದು ಎಷ್ಟು ಎಂಬ ಲೆಕ್ಕ ಒಂದು ಬೆಟ್ಟದ ಕಾಡಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ನಮ್ಮ ಓಣಿಯ ಮಸಾಲೆಖಾರದ ಹಾಗೆ. ಎಲ್ಲರದೂ ಅದೇ ಮೆಣಸಿನಕಾಯಿ, ಅದೇ ಬಳ್ಳೊಳ್ಳಿ, ಆದರೂ ಕಣ್ಣು ಮುಚ್ಚಿ ನಾಲಿಗೆಗೆ ಹಚ್ಚಿಕೊಂಡರೆ ಯಾರ ಮನೆಯದೆಂದು ಹೇಳಬಹುದು.

ಚಳಿಗಾಲದಲ್ಲಿ ಹಿಮ ಬೀಳುವುದು ಕಡಿಮೆಯಾಗಿ ಒಣಗಾಳಿಯೇ ಒಂದು ಋತುವಾದ ಮೇಲೆ, ಯಾವ ಕಾಡು ಉಳಿಯುತ್ತದೆ, ಯಾವುದು ಒಣಗಿ ಬೆಂಕಿಗೆ ಆಹಾರವಾಗುತ್ತದೆ ಎಂದು ಮೊದಲೇ ತಿಳಿಯಬೇಕಾಯಿತು. ಆಗ ಬಂದದ್ದು ಮೇಣಗನ್ನಡಿ. ಅಂಗೈಯಗಲದ ಗಾಜು. ಅದರಡಿ ಸೂಜಿಗಳನ್ನಿಟ್ಟರೆ ಮೇಣದಿಂದ ಮರಳಿದ ಬೆಳಕನ್ನು ಓದಿ, ಈ ಕಾಡಿಗೆ ಇನ್ನು ಇಷ್ಟು ವರ್ಷ ಎಂದು ಸಂಖ್ಯೆ ತೋರಿಸುತ್ತದೆ. ಹತ್ತಕ್ಕಿಂತ ಕಡಿಮೆ ಬಂದರೆ, ಬೆಂಕಿ ಹೊತ್ತುವ ಮೊದಲು ಆ ಕಾಡನ್ನು ಕಡಿದು ‘ಒಂಬತ್ತನೆಯ ತಳಿ’ ಎಂಬ ಗಟ್ಟಿಮೇಣದ ಸಸಿಗಳನ್ನು ನೆಡಬೇಕು. ಅವು ಬೆಳೆದು ಮಣ್ಣು ಹಿಡಿಯುವವರೆಗೆ ಊರಿನವರು ಕೆಳಗೆ, ರಸ್ತೆ ಪಕ್ಕದ ತಗಡಿನ ಮನೆಗಳಲ್ಲಿರಬೇಕು.

ಜನ ಎಷ್ಟು ಬೇಗ ಹೊಂದಿಕೊಂಡರೆಂದರೆ, ಈಗ ಕಣಿವೆಯಲ್ಲಿ ಇಬ್ಬರು ಭೇಟಿಯಾದರೆ ಕ್ಷೇಮಸಮಾಚಾರದ ಜೊತೆಗೇ “ನಿಮ್ಮೂರಿಗೆ ಎಷ್ಟು?” ಎಂದು ಕೇಳುತ್ತಾರೆ. ಎಷ್ಟು ಎಂದರೆ ವರ್ಷ. ನಲವತ್ತು ವರ್ಷದ ಊರಿನವರು ಎಂಟು ವರ್ಷದ ಊರಿಗೆ ಹೆಣ್ಣು ಕೊಡುವುದಿಲ್ಲ. ಕಾಡು ಕಡಿಸಿಕೊಂಡು ಕೆಳಗಿಳಿದವರಿಗೆ ‘ಮೇಣಗೆಟ್ಟವರು’ ಎಂಬ ಹೆಸರು ಬಿದ್ದಿದೆ. ತಮಾಷೆಗೆ ಶುರುವಾದದ್ದು, ಈಗ ಅವರೇ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ.

ಪ್ರಯೋಗಾಲಯದಲ್ಲಿ ಕನ್ನಡಿಗಳು ಹೊಸವು. ನನ್ನ ಪಾಲಿಗೆ ಬಂದದ್ದು ಹಳೆಯ ಗ್ಯಾಸ್ ಕ್ರೊಮಟೋಗ್ರಾಫ್. ಎಲ್ಲರೂ ಅದನ್ನು ಮುದುಕ ಎನ್ನುತ್ತಾರೆ. ಸೂಜಿಗಳನ್ನು ಕ್ಲೋರೋಫಾರ್ಮಿನಲ್ಲಿ ಅದ್ದಿ ತೆಗೆದರೆ ಮೇಣ ಕರಗಿ ಬರುತ್ತದೆ. ಅದರದೊಂದು ಹನಿಯನ್ನು ಮುದುಕನಿಗೆ ಕುಡಿಸಬೇಕು. ಹನಿ ಆವಿಯಾಗಿ, ಕೂದಲಿನಂಥ ಉದ್ದನೆಯ ಸುರುಳಿ ನಳಿಗೆಯಲ್ಲಿ ಸಾಗುತ್ತದೆ. ಹಗುರಾದ ಅಣು ಮೊದಲು ಹೊರಬೀಳುತ್ತದೆ, ಭಾರದ್ದು ಆಮೇಲೆ, ಒಂದೊಂದಕ್ಕೂ ಪರದೆಯ ಮೇಲೆ ಒಂದೊಂದು ಶಿಖರ. ಕನ್ನಡಿ ಕ್ಷಣದಲ್ಲಿ ಹೇಳಿದ್ದನ್ನು ಮುದುಕ ತಾಸುಗಟ್ಟಲೆ ಹೇಳುತ್ತಾನೆ. ಆದರೆ ಕೇಳದ್ದನ್ನೂ ಹೇಳುತ್ತಾನೆ.

ಆವತ್ತು ಅವನಿಗೆ ಕುಡಿಸಿದ್ದು ನಾಮ್ಛಾ ಎಂಬ ಮೇಲಿನ ಊರಿನ ಮಾದರಿ. ಕನ್ನಡಿ ಆ ಕಾಡಿಗೆ ಆರು ವರ್ಷ ಕೊಟ್ಟಿತ್ತು, ಈ ತಿಂಗಳ ಕೊನೆಗೆ ಗರಗಸಗಳು ಹೊರಡುವುದಿತ್ತು. ನನ್ನ ಕೆಲಸ ಕನ್ನಡಿಯ ಲೆಕ್ಕವನ್ನು ಒಮ್ಮೆ ತಾಳೆ ನೋಡಿ ಸಹಿ ಮಾಡುವುದು, ಅಷ್ಟೇ. ಮೇಣ ನಿಜಕ್ಕೂ ಸವೆದಿತ್ತು. ಸಹಿ ಮಾಡಬಹುದಿತ್ತು. ಆದರೆ ಶಿಖರಗಳ ರೇಖೆಯ ಬಾಲದಲ್ಲಿ, ಎಲ್ಲ ಮುಗಿಯಿತು ಎನ್ನುವ ಕಡೆ, ಒಂದು ಚಿಕ್ಕ ಉಬ್ಬು ಎದ್ದಿತ್ತು. ಅದು ಎರ್ಗೊಸ್ಟೆರಾಲ್. ಪೈನ್ ಮರ ಅದನ್ನು ತಯಾರಿಸುವುದಿಲ್ಲ. ತಯಾರಿಸುವುದು ಶಿಲೀಂಧ್ರ, ಅಂದರೆ ಸತ್ತ ಎಲೆಗೆ ಹತ್ತುವ ಬೂಷ್ಟು.

ನನ್ನ ಗಾಜಿನ ಸಾಮಾನೇ ಕೊಳೆಯಾಗಿರಬೇಕೆಂದು ಎಲ್ಲವನ್ನೂ ತೊಳೆದು ಮುದುಕನಿಗೆ ಮತ್ತೆ ಕುಡಿಸಿದೆ. ಉಬ್ಬು ಅಲ್ಲೇ ಇತ್ತು. ಕೆಳಗಿನ ಊರುಗಳ ಮಾದರಿಗಳಲ್ಲಿ ಅದು ಇರಲಿಲ್ಲ. ಎತ್ತರದ ಊರುಗಳಲ್ಲಿ ಪ್ರತಿಯೊಂದರಲ್ಲೂ ಇತ್ತು. ಎತ್ತರಕ್ಕೆ ಹೋದಂತೆ ಚಿಲ್ಗೋಜಾದ ಮೇಣ ದುರ್ಬಲವಾಗುತ್ತದೆ ಎಂಬುದು ನಮ್ಮ ನಿರ್ದೇಶಕ ಡಾ. ಬಿಷ್ಟ್ ಅವರಿಗೆ ಹೆಸರು ತಂದ ಸಂಶೋಧನೆ. ಕನ್ನಡಿಯೊಳಗಿನ ಲೆಕ್ಕಾಚಾರ ನಿಂತಿರುವುದು ಅದರ ಮೇಲೆಯೇ. ಕನ್ನಡಿಗೆ ಮೇಣ ಎಷ್ಟಿದೆ ಎಂಬ ಒಂದೇ ಪ್ರಶ್ನೆ ಗೊತ್ತು. ಇಂಥ ಚಿಲ್ಲರೆ ಸುಳಿವುಗಳನ್ನು ಲೆಕ್ಕಕ್ಕೆ ಬಾರದ ಗದ್ದಲವೆಂದು ಎಸೆಯುವಂತೆಯೇ ಅದನ್ನು ಕಟ್ಟಿದ್ದಾರೆ.

ಮನುಷ್ಯರ ಮುಖ ಓದುವುದರಲ್ಲಿ ನಾನು ಎಷ್ಟೋ ಸಲ ತಪ್ಪಿದ್ದೇನೆ. ಶಿಖರ ಓದುವುದರಲ್ಲಿ ತಪ್ಪುವುದಿಲ್ಲ. ಈ ಎಲೆಗಳು ನಮ್ಮ ಕೈಗೆ ಬರುವ ಮೊದಲೇ ಸತ್ತಿದ್ದವು.

ಕ್ವಾರ್ಟರ್ಸಿಗೆ ಹೋದಾಗ ಡೋಲ್ಕರಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾವಿಬ್ಬರೂ ಒಂದೇ ಮನೆಯಲ್ಲಿರುವುದು. ಕೇಂದ್ರದ ಡ್ರೋನ್‌ಗಳನ್ನು ಹಾರಿಸುವವಳು ಅವಳು. ಹುಟ್ಟಿದ್ದು ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ, ಜೋಳದ ರೊಟ್ಟಿ ನನಗಿಂತ ತೆಳ್ಳಗೆ ಬಡಿಯುತ್ತಾಳೆ. ನಾನು ಬಂದ ಮೊದಲ ದಿನ ಹಿಂದಿಯಲ್ಲಿ ತಡವರಿಸುತ್ತ ನಿಂತಾಗ, “ಯವ್ವಾ, ಕನ್ನಡದಾಗ ಹೇಳ ನೀ, ಹಿಂದಿ ಸಾಯ್ತೈತಿ ನಿನ್ನ ಕೈಯಾಗ” ಎಂದು ಬ್ಯಾಗು ಎತ್ತಿಕೊಂಡಿದ್ದಳು. ಅವಳನ್ನು ಮದುವೆಯಾಗಲಿರುವ ಪಲ್ಜೋರ್ ನೇಗಿ ಕೇಂದ್ರದ ಜೀಪು ಓಡಿಸುತ್ತಾನೆ. ಅವಳು ಅವನಿಗೆ ಕಲಿಸಿದ ಮೊದಲ ಕನ್ನಡ ವಾಕ್ಯ “ಊಟ ಆತೇನ್ರಿ”. ನಾನು ಹಲ್ಲುಜ್ಜುತ್ತ ನಿಂತಿದ್ದರೂ ಅವನು ಗಂಭೀರವಾಗಿ ಅದನ್ನೇ ಕೇಳುತ್ತಾನೆ.

ಪಲ್ಜೋರನ ಊರು ಕುರಾಂಗ್. ಅಲ್ಲಿಯ ಕಾಡಿಗೆ ಕನ್ನಡಿ ನಾಲ್ಕು ವರ್ಷ ಕೊಟ್ಟಿತ್ತು, ಹೋದ ಶರತ್ಕಾಲದಲ್ಲಿ ಕಡಿದರು. ಹೊರಗಿನವರು ನಮ್ಮ ಮರಕ್ಕೆ ಗರಗಸ ಹಚ್ಚಬಾರದು, ಸಾಯುವ ಮರವನ್ನು ಮನೆಯವರೇ ಮಲಗಿಸಬೇಕು ಎಂದು ಊರವರು ಹಟ ಹಿಡಿದರಂತೆ. ಕಡಿಯುವ ಗುಂಪಿಗೆ ಪಲ್ಜೋರನೇ ಮುಂದಾಳು. ಆಮೇಲೆ ಕುರಾಂಗ್ ಇಡಿಯಾಗಿ ತಗಡಿನ ಮನೆಗಳಿಗೆ ಇಳಿಯಿತು. ಮದುವೆಯನ್ನು ಅವನು ಮುಂದೆ ಹಾಕುತ್ತಲೇ ಇದ್ದಾನೆ, ಕೇಳಿದರೆ ನಗುತ್ತಾನೆ.

ಭಾನುವಾರ ಅವರಿಬ್ಬರೂ ನಾಮ್ಛಾಕ್ಕೆ ರೇಷನ್ ಒಯ್ಯುವವರಿದ್ದರು. ನಾನೂ ಬರುತ್ತೇನೆ ಎಂದಾಗ ಡೋಲ್ಕರಕ್ಕ ಹಿಟ್ಟಿನ ಕೈಯಲ್ಲೇ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಮರದಿಂದ ನಾನೇ ಕಿತ್ತ ಸೂಜಿ ಬೇಕಿತ್ತು, ಅಷ್ಟೇ.

ಇಲ್ಲಿ ಒಂದು ಮಾತು ಹೇಳಬೇಕು. ಮಾದರಿಯನ್ನು ನಮ್ಮ ಕೇಂದ್ರದವರು ಕೀಳುವುದಿಲ್ಲ. ಅಳತೆ ಶುರುವಾದಾಗ ಊರುಗಳು ಒಪ್ಪಿದ್ದೇ ಆ ಷರತ್ತಿನ ಮೇಲೆ. ಮಳೆಗಾಲದ ಕೊನೆಯಲ್ಲಿ ಪ್ರತಿ ಊರಿನವರು ತಾವೇ ತಮ್ಮ ಕಾಡಿನ ಸೂಜಿಗಳನ್ನು ಚೀಲದಲ್ಲಿ ತುಂಬಿ, ಊರಿನ ಮುದ್ರೆ ಹಾಕಿ ಕಳಿಸುತ್ತಾರೆ. ಪ್ರಾಮಾಣಿಕ ಜನ, ಒಂದು ಚೀಲವೂ ತಡವಾಗಿ ಬಂದದ್ದಿಲ್ಲ.

ನಾಮ್ಛಾದಲ್ಲಿ ಜೀಪಿನಿಂದಿಳಿದು ನಾನು ನೇರ ಹತ್ತಿರದ ಮರದ ಬಳಿ ಹೋದೆ. ತೊಗಟೆ ಹಾವಿನ ಪೊರೆಯಂತೆ ಸುಲಿದು ಬೆಳ್ಳಗೆ ಹೊಳೆಯುತ್ತಿತ್ತು. ಕೊಂಬೆಗೆ ಕೈ ಚಾಚಿದ್ದಷ್ಟೇ, ಹಿಂದಿನಿಂದ ಯಾರೋ ನನ್ನ ಮಣಿಕಟ್ಟು ಹಿಡಿದರು. ಗಟ್ಟಿ ಹಿಡಿತ. ಹಸಿರು ಟೊಪ್ಪಿಗೆಯ ಅಜ್ಜಿ. ಸುರ್ಜಮಣಿ ಎಂದು ಆಮೇಲೆ ತಿಳಿಯಿತು, ಕಾಯಿ ಕೊಯ್ಲು ಯಾವಾಗ ಶುರುವಾಗಬೇಕೆಂದು ದೇವರನ್ನು ಕೇಳಿ ಹೇಳುವ ಮನೆಯವಳು. ಅವಳ ಮಾತನ್ನು ಪಲ್ಜೋರ್ ಹಿಂದಿಗೆ ತಂದ. ಕೊಯ್ಲಿಗೆ ದೇವರ ಅಪ್ಪಣೆಯಾಗುವವರೆಗೆ ಮರಕ್ಕೆ ಕೈ ಹಚ್ಚುವಂತಿಲ್ಲ, ಒಂದು ಸೂಜಿಯನ್ನೂ ಕೀಳುವಂತಿಲ್ಲ. ಕೆಳಗಿನವರು ಸೇಬಿನ ತೋಟ ಮಾಡಿದ ಮೇಲೆ ಇದನ್ನು ಬಿಟ್ಟಿದ್ದಾರೆ, ಬಿಡಲಿ. ನಾವು ಬಿಟ್ಟಿಲ್ಲ.

ನಾನು ನಾಚಿ ಕೈ ಕೆಳಗಿಳಿಸಿದೆ. ಆಮೇಲೆ ನನ್ನ ತಲೆಯಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ತಾಗಿದವು. ಪ್ರಶ್ನೆ ಕೇಳಲೇಬೇಕಿತ್ತು. ಡೋಲ್ಕರಕ್ಕನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ, ಅವಳು ಪಲ್ಜೋರನಿಗೆ ಹಿಂದಿಯಲ್ಲಿ, ಅವನು ಅಜ್ಜಿಗೆ ಅವಳ ಭಾಷೆಯಲ್ಲಿ: ಹಾಗಾದರೆ ಪ್ರತಿವರ್ಷ ನಮಗೆ ಕಳಿಸುವ ಸೂಜಿ ಯಾವುದು?

ಅಜ್ಜಿ ನನ್ನನ್ನು ಮಗುವನ್ನು ನೋಡುವಂತೆ ನೋಡಿದಳು. ಉತ್ತರ ಅದೇ ದಾರಿಯಲ್ಲಿ ಮರಳಿ ಬಂತು. “ಮರ ತಾನಾಗಿ ಕೊಟ್ಟದ್ದು.”

ಹಿಮದ ಭಾರಕ್ಕೆ ಮುರಿದ, ಗಾಳಿಗೆ ಉದುರಿದ ಕೊಂಬೆಗಳು. ಅವುಗಳಲ್ಲೇ ಹಸಿರಾಗಿರುವುದನ್ನು ಆರಿಸಿ, ಮಣ್ಣು ಒರೆಸಿ, ಚೀಲಕ್ಕೆ ತುಂಬುತ್ತಿದ್ದರು. ಈ ತಂಪಿನಲ್ಲಿ ಬಿದ್ದ ಕೊಂಬೆ ತಿಂಗಳುಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಒಳಗೆ ಜೀವವಿರುವುದಿಲ್ಲ. ಮೇಣ ಸವೆಯುತ್ತ ಹೋಗುತ್ತದೆ, ಹೊಸದಾಗಿ ಊರುವುದಿಲ್ಲ, ಮೆಲ್ಲಗೆ ಬೂಷ್ಟು ಹತ್ತುತ್ತದೆ. ಮಾದರಿ ಕಳಿಸಿ ಎಂದ ನಮ್ಮವರು ಕೊಂಬೆಯಿಂದ ಕಿತ್ತದ್ದನ್ನು ಎಂದು ಹೇಳಿರಲಿಲ್ಲ. ಎಲೆ ಬೇಕೆಂದರೆ ಯಾರಾದರೂ ಮರದಿಂದಲೇ ಕೀಳುತ್ತಾರೆ ಎಂಬುದು ನಮ್ಮ ನಂಬಿಕೆ. ಬೇಕೆಂದು ಕೇಳಿದವರಿಗೆ ಮರ ಕೊಟ್ಟದ್ದನ್ನು ಕಳಿಸಬೇಕು ಎಂಬುದು ಅವರದು. ಎತ್ತರಕ್ಕೂ ಮೇಣಕ್ಕೂ ಸಂಬಂಧವೇ ಇರಲಿಲ್ಲ. ಮರ ಮುಟ್ಟದ ನೇಮ ಉಳಿದಿದ್ದ ಊರುಗಳು ಎತ್ತರದಲ್ಲಿದ್ದವು, ಅಷ್ಟೇ.

ಹಾಗೆಂದು ಬರಿಗೈಯಲ್ಲಿ ಇಳಿಯುವಂತಿರಲಿಲ್ಲ, ಸಾಕ್ಷಿ ಬೇಕಿತ್ತು. ಅಜ್ಜಿಗೆ ವಿಷಯ ತಿಳಿಸಿದಾಗ ಅವಳು ದೇವರನ್ನು ಕೇಳಲೂ ಹೋಗಲಿಲ್ಲ, ಕೊಂಬೆಯನ್ನು ಬಗ್ಗಿಸಲೂ ಬಿಡಲಿಲ್ಲ. ಒಂದು ಕಂಬಳಿ ತಂದು ಮರದ ಕೆಳಗೆ ಹಾಸಿ ಕೂರು ಎಂದಳು. ಕೂತೆವು. ಕಾಯಿ ಬಲಿಯುವ ಕಾಲ, ಮೇಲೆ ಚುಕ್ಕೆ ಮೈಯ ಹಕ್ಕಿಗಳು ಕಾಯಿ ಕುಕ್ಕುತ್ತ ಜಗಳವಾಡುತ್ತಿದ್ದವು. ಅವುಗಳ ಗಲಾಟೆಗೆ ಆಗಾಗ ಒಂದು ಎಳೆ ರೆಂಬೆ ಕಡಿದು ಕಂಬಳಿಯ ಮೇಲೆ ಬೀಳುತ್ತಿತ್ತು, ಮುರಿದ ಕಡೆ ಅಂಟು ಒಸರುತ್ತಿತ್ತು. ಬಿದ್ದ ತಕ್ಷಣ ಅಜ್ಜಿ ನನ್ನ ಭುಜ ತಟ್ಟುತ್ತಿದ್ದಳು, ತಗೋ ಎಂದು. ಪಲ್ಜೋರ್ ಹಕ್ಕಿಗಳ ಕಡೆ ಮುಖ ಮಾಡಿ “ಊಟ ಆತೇನ್ರಿ” ಎಂದ. ಡೋಲ್ಕರಕ್ಕ ನಕ್ಕು ಬಿದ್ದಳು. ಅಷ್ಟು ನೆಮ್ಮದಿಯ ಮಧ್ಯಾಹ್ನವನ್ನು ನಾನು ಈ ಬೆಟ್ಟದಲ್ಲಿ ಕಂಡಿರಲಿಲ್ಲ.

ಸೋಮವಾರ ಮುದುಕ ಆ ರೆಂಬೆಗಳ ಕಥೆ ಹೇಳಿದ. ಬಾಲದಲ್ಲಿ ಉಬ್ಬಿಲ್ಲ. ಮೇಣದ ಮುಖ್ಯ ಶಿಖರ ಪರದೆಯ ನೆತ್ತಿ ಮುಟ್ಟಿತ್ತು, ಕೆಳಗಿನ ಯಾವ ಕಾಡಿಗಿಂತ, ಒಂಬತ್ತನೆಯ ತಳಿಗಿಂತಲೂ ಗಟ್ಟಿ. ಅದೇ ರೆಂಬೆಯ ಸೂಜಿಗಳನ್ನು ಕನ್ನಡಿಯಡಿ ಇಟ್ಟೆ. ಅದು ಸ್ವಲ್ಪ ಯೋಚಿಸಿ ಎಪ್ಪತ್ತು ವರ್ಷ ಎಂದಿತು.

ಖುಷಿಯಲ್ಲಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಶೀತಕಪಾಟಿನಲ್ಲಿ, ಕಾಡು ಕಡಿಯುವ ಮೊದಲು ಕುರಾಂಗಿನಿಂದ ಬಂದ ಮಾದರಿಯ ಸೀಸೆ ಇತ್ತು. ಅದನ್ನೂ ಮುದುಕನಿಗೆ ಕುಡಿಸಿದೆ. ಬಾಲದಲ್ಲಿ ಅದೇ ಉಬ್ಬು, ನಾಮ್ಛಾದ್ದಕ್ಕಿಂತ ದೊಡ್ಡದು.

ಕುರಾಂಗಿನಲ್ಲಿ ಗರಗಸ ತಲುಪದ ಬಂಡೆಯಂಚಿನಲ್ಲಿ ಕೆಲವು ಮರಗಳು ಉಳಿದಿವೆ. ಏಕೆಂದು ಹೇಳದೆಯೇ, ಅಲ್ಲಿಯ ಕೆಲವು ಸೂಜಿ ತರಿಸಿಕೊಡು ಎಂದು ಡೋಲ್ಕರಕ್ಕನನ್ನು ಕೇಳಿಕೊಂಡೆ. ಅವಳು ಕಂಟ್ರೋಲ್ ರೂಮಿನಲ್ಲಿ ಕೂತು ಡ್ರೋನನ್ನು ಆ ಬಂಡೆಗೆ ಹಾರಿಸಿದಳು. ಪರದೆಯ ತುಂಬ ಬುಡಗಳು, ಬುಡಗಳು, ಬೆಟ್ಟದ ತುದಿಯವರೆಗೆ. ಇಲ್ಲೂ ಕೈ ಹಚ್ಚುವಂತಿಲ್ಲವೇ ಎಂದು ಕೇಳಿದೆ. “ಬ್ಯಾಡ ಅನ್ನಾಕ ಅಲ್ಲಿ ಯಾರ ಅದಾರ” ಎಂದಳು, ಕಣ್ಣು ಪರದೆಯ ಮೇಲಿಂದ ತೆಗೆಯದೆ. ಡ್ರೋನಿನ ಕತ್ತರಿ ಎಂಟು ಹತ್ತು ಸೂಜಿ ಕತ್ತರಿಸಿತು.

ಆ ಸೂಜಿಗಳ ಮೇಣ ನಾಮ್ಛಾದ್ದಕ್ಕಿಂತ ದಪ್ಪಗಿತ್ತು. ಬೆರಕೆಯೂ ಬೇರೆ. ಒಂದು ಉದ್ದ ಸರಪಳಿಯ ಅಣು ಕಣಿವೆಯಲ್ಲಿ ಇನ್ನೆಲ್ಲೂ ಇಲ್ಲದಷ್ಟು ಅದರಲ್ಲಿತ್ತು. ಅಂಥ ಕಾಡು ಅದೊಂದೇ ಆಗಿತ್ತು.

ರೇಖೆಯನ್ನು ಅಡುಗೆಮನೆಯಲ್ಲಿ ಡೋಲ್ಕರಕ್ಕನ ಮುಂದಿಟ್ಟೆ. ಅವಳಿಗೆ ಶಿಖರಗಳ ಭಾಷೆ ಬರುವುದಿಲ್ಲ, ಆದರೆ ನನ್ನ ಮುಖದ ಭಾಷೆ ಬರುತ್ತದೆ. ಒಲೆ ಆರಿಸಿ ಕೂತಳು. ನಾಮ್ಛಾ ಉಳಿಯಿತಲ್ಲ, ಅಷ್ಟನ್ನು ಬರೆದು ಕೊಡು ಎಂದಳು. ಕಡಿದದ್ದು ಮತ್ತೆ ಏಳುವುದಿಲ್ಲ, ಅದನ್ನು ಯಾಕೆ ಕೆದಕಬೇಕು? ನಾನು ರೇಖೆಯನ್ನು ಮಡಚಿಡಲಿಲ್ಲ. ನಾನು ಒಪ್ಪಿಲ್ಲ ಎಂದು ಅವಳಿಗೆ ತಿಳಿಯಿತು.

“ನೀಲವ್ವಾ, ಅಂವ ತನ್ನ ಕೈಲೆ ಕಡದಾನ. ಸಾಯೂ ಗಿಡ ಇದ್ವು ಅಂತ ತಿಳ್ಕೊಂಡ ಇಷ್ಟರ ನಿದ್ದಿ ಮಾಡ್ತಾನ. ಅದನ್ನೂ ಕಸ್ಕೋತಿಯೇನ?”

ನನ್ನ ತಲೆಯಲ್ಲಿ ಬೇರೊಂದು ಲೆಕ್ಕವಿತ್ತು. ಮುಂದಿನ ವಾರ ಕುರಾಂಗಿನ ಬೋಳುಬೆಟ್ಟಕ್ಕೆ ಒಂಬತ್ತನೆಯ ತಳಿಯ ಸಸಿಗಳು ಹೊರಡುತ್ತವೆ. ಬಂಡೆಯ ಮೇಲಿನ ಮರಗಳಲ್ಲಿ ಈ ವರ್ಷ ಕಾಯಿ ತುಂಬಿವೆ. ಆ ಬೀಜ ಬಿತ್ತಿದರೆ ಕುರಾಂಗಿನ ಕಾಡೇ ಮತ್ತೆ ಬರುತ್ತದೆ. ಒಮ್ಮೆ ಹೊರಗಿನ ಸಸಿ ಬೆಟ್ಟದ ತುಂಬ ಬೇರೂರಿತೆಂದರೆ ಮುಗಿಯಿತು. ಇದನ್ನೆಲ್ಲ ಅವಳಿಗೆ ಹೇಳಬೇಕೆಂದು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು. ನಾನು ಡಾ. ಬಿಷ್ಟ್ ಅವರಿಗೆ ನಾಮ್ಛಾದ ವರದಿಯನ್ನಷ್ಟೇ ಕಳಿಸಿದೆ. ಅವಳ ಅನ್ನ ಉಂಡಿದ್ದೇನೆ, ಅವಳು ಬೇಡವೆಂದದ್ದನ್ನು ಮಾಡಲು ಕೈ ಬರಲಿಲ್ಲ.

ಶುಕ್ರವಾರ ಕಂಟ್ರೋಲ್ ರೂಮು ತುಂಬಿತ್ತು. ಗೋಡೆಯಗಲದ ಪರದೆಯಲ್ಲಿ ಕಣಿವೆಯ ಕಾಡುಗಳೆಲ್ಲ ಹಸಿರು, ಹಳದಿ, ಕೆಂಪು ಚುಕ್ಕೆಗಳಾಗಿ ಕಾಣುತ್ತಿದ್ದವು. ನಾಮ್ಛಾದ ಪರವಾಗಿ ಸುರ್ಜಮಣಿ ಅಜ್ಜಿ ಮುಂದಿನ ಕುರ್ಚಿಯಲ್ಲಿ, ಅವಳನ್ನು ಜೀಪಿನಲ್ಲಿ ಕರೆತಂದ ಪಲ್ಜೋರ್ ಬಾಗಿಲ ಬಳಿ. ಡಾ. ಬಿಷ್ಟ್ ದೊಡ್ಡ ಮನುಷ್ಯರೇ. ನನ್ನ ರೇಖೆಗಳನ್ನು ಪರದೆಗೆ ಹಾಕಿ, ತಮ್ಮ ಸಿದ್ಧಾಂತ ಬಿದ್ದುಹೋಗುವುದನ್ನು ತಾವೇ ವಿವರಿಸಿದರು. ದನಿ ಒಂದೆರಡು ಕಡೆ ತಗ್ಗಿತು, ನಿಲ್ಲಲಿಲ್ಲ. ನಾಮ್ಛಾದ ಕಡಿತ ರದ್ದು ಎಂದರು. ಇನ್ನು ಮುಂದೆ ಕೊಯ್ಲಿಗೆ ಅಪ್ಪಣೆಯಾದ ಮೇಲೆಯೇ ಮಾದರಿ, ಮರದಿಂದ ಕಿತ್ತದ್ದು ಎಂದರು. ನಾಮ್ಛಾದ ಕೆಂಪು ಚುಕ್ಕೆ ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಯಾರಿಗೆ ತಟ್ಟುತ್ತಿದ್ದಾರೆಂದು ತಿರುಗಿ ನೋಡಿ ನನ್ನನ್ನು ಕಂಡು ತಲೆಯಾಡಿಸಿದಳು. ಮುಂದಿನ ವಿಷಯ ಸಸಿ ಸಾಗಣೆ ಎಂದು ಡಾ. ಬಿಷ್ಟ್ ಕಾಗದ ತಿರುವಿದರು.

ಪಲ್ಜೋರ್ ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಅವನು ಭಾನುವಾರ ಅಜ್ಜಿಯ ಮಾತನ್ನು ಹಿಂದಿಗೆ ತಂದವನು. ಅವನ ಊರೂ ಎತ್ತರದ್ದು, ಅವರೂ ನೇಮ ಬಿಟ್ಟವರಲ್ಲ. ಆರು ದಿನ ಅದನ್ನು ಹೊತ್ತು ಜೀಪು ಓಡಿಸಿದ್ದಾನೆಂದು ಅವನ ಮುಖ ನೋಡಿದ ಮೇಲೆ ನನಗೆ ಹೊಳೆಯಿತು. ಈ ಸಲ ನಾನು ತಪ್ಪು ಓದಲಿಲ್ಲ. ಅವನು ಬಾಗಿಲು ಬಿಟ್ಟು ನನ್ನ ಮೇಜಿನ ಹತ್ತಿರ ಬಂದು ನಿಂತ. ಅವನಿಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, ಬೇರೆಯವರಿಗೆ ತಿಳಿಯದಿರಲೆಂದೇ ಇರಬೇಕು, ಮೆಲ್ಲಗೆ ಕೇಳಿದ.

“ಅಕ್ಕಾರ, ನಮ್ದು?”

ಡೋಲ್ಕರಕ್ಕ ಡ್ರೋನಿನ ಮೇಜಿನಿಂದ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆಯಾಡಿಸಲಿಲ್ಲ. ಎರಡೂ ಕೈಗಳಿಂದ ಮೇಜಿನ ಅಂಚನ್ನು ಹಿಡಿದಿದ್ದಳು.

ಅವನು ಕೇಳಿದ ಭಾಷೆಯಲ್ಲೇ, ಅವನಿಗಷ್ಟೇ ಕೇಳುವಂತೆ ಹೇಳಿಬಿಡಬಹುದಿತ್ತು. ಹಾಗೆ ಹೇಳಿದರೆ ಅದು ಅವನೊಬ್ಬನ ಎದೆಯೊಳಗೆ ಉಳಿಯುತ್ತಿತ್ತು. ಪರದೆಯ ಮೇಲೆ ಕುರಾಂಗ್ ಕೆಂಪಾಗಿಯೇ ಇರುತ್ತಿತ್ತು, ಸಸಿಗಳ ಲಾರಿ ಹೊರಡುತ್ತಿತ್ತು. ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಡಾ. ಬಿಷ್ಟ್ ಕಾಗದದಿಂದ ತಲೆಯೆತ್ತಿದರು. ಪಲ್ಜೋರನ ಮುಖ ಬಿಟ್ಟು ಬೇರೆಲ್ಲೂ ನೋಡದೆ, ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ ಹೇಳಿದೆ:

“ನಿಮ್ಮ ಕಾಡು ಬದುಕುತ್ತಿತ್ತು.”